ರ‍್ಯಾಂಪ್ ಕೊಳ್ಳುವ ಮುಂಚೆ ಪೋರ್ಟಿಕೋ ನೆಲ ನೋಡಿ

ಆಯಿಲ್ ಬದಲಿಸಲು, ಸೈಲೆನ್ಸರ್ ಕ್ಲಾಂಪ್ ಬಿಗಿ ಮಾಡಲು, ಅಡಿಯ ತುಕ್ಕು ನೋಡಲು ಕಾರಿನ ಮುಂಭಾಗ ಆರೂವರೆ ಇಂಚು ಮೇಲೆದ್ದರೆ ಸಾಕು. ಅದಕ್ಕೆ ಗಾಲಿ ಹತ್ತಿಸಿ ನಿಲ್ಲಿಸುವ ಇಳಿಜಾರು ಆಸರೆಯೇ ರ‍್ಯಾಂಪ್. ಪ್ಲಾಸ್ಟಿಕ್ ರ‍್ಯಾಂಪ್ ಇದೆ, ಕಬ್ಬಿಣದ ರೆಡಿಮೇಡ್ ರ‍್ಯಾಂಪ್ ಇದೆ, ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಬಹುದು, ಸಾಮಿಲ್‌ನಿಂದ ಹಲಗೆ ತಂದು ಜೋಡಿಸಬಹುದು. ರ‍್ಯಾಂಪೇ ಬೇಡ ಅನ್ನುವವರಿಗೆ ಟ್ರಾಲಿ ಜಾಕ್ (ಸಣ್ಣ ಗಾಲಿಗಳ ಮೇಲೆ ಉರುಳುವ ಜಾಕ್) ಮತ್ತು ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್. ಕೊಳ್ಳಲು ಹೋದವರು ಮೊದಲು ಕೇಳುವುದು "ಎಷ್ಟು ಟನ್ ತಡೆಯುತ್ತೆ?" ಎಂದು. ಕೇಳಬೇಕಾದ್ದೇ, ಆದರೆ ಅದು ಎರಡನೆಯ ಪ್ರಶ್ನೆ. ಒಳ್ಳೆಯ ರ‍್ಯಾಂಪ್ ಭಾರಕ್ಕೆ ಕುಸಿಯುವುದು ಅಪರೂಪ. ಹತ್ತುವಾಗ ನೆಲದ ಮೇಲೆ ಜಾರುವುದು ಮಾಮೂಲಿ. ಜಾರುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ನೆಲ, ರ‍್ಯಾಂಪಿನ ಇಳಿಜಾರು ಮತ್ತು ನಿಮ್ಮ ಕಾರನ್ನು ಯಾವ ಗಾಲಿ ಓಡಿಸುತ್ತದೆ ಅನ್ನುವುದು.

ಅದಕ್ಕೂ ಮುಂಚೆ ಒಂದು ಮಾತು. ಬ್ರೇಕ್ ಪ್ಯಾಡ್, ಟೈರ್ ಅದಲು ಬದಲು, ಬೇರಿಂಗ್, ಶಾಕ್ ಅಬ್ಸಾರ್ಬರ್ ಇಂಥ ಕೆಲಸವೇ ನಿಮಗೆ ಹೆಚ್ಚಿದ್ದರೆ ರ‍್ಯಾಂಪ್ ಕೊಳ್ಳಲೇಬೇಡಿ. ರ‍್ಯಾಂಪಿನ ಮೇಲೆ ಕಾರು ನಿಂತಿರುವುದೇ ಗಾಲಿಯ ಮೇಲೆ. ಆ ಗಾಲಿ ಬಿಚ್ಚಲು ಬರುವುದಿಲ್ಲ. ಹಾಗೆಯೇ ಗಾಲಿಯ ಮೇಲೆ ಭಾರ ಇರಲೇಬೇಕಾದ ಕೆಲಸವೂ ಇದೆ: ಲೋವರ್ ಆರ್ಮ್ ಬುಷ್ (ಗಾಲಿಯನ್ನು ಹಿಡಿದಿರುವ ಕೆಳತೋಳಿನ ರಬ್ಬರ್) ಹಾಕಿದ ಮೇಲೆ ಬೋಲ್ಟನ್ನು ಕೊನೆಯ ಸಲ ಬಿಗಿ ಮಾಡುವುದು. ಗಾಲಿ ಜೋತುಬಿದ್ದಾಗ ಬಿಗಿ ಮಾಡಿದರೆ, ಕಾರು ಕೆಳಗಿಳಿದ ಮೇಲೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದಕ್ಕೆ ರ‍್ಯಾಂಪಿನಂಥದ್ದು ಬೇರೊಂದಿಲ್ಲ.

ಜಾರುವುದರ ಲೆಕ್ಕ

ಮಾರುಕಟ್ಟೆಯ ಸಾಮಾನ್ಯ ರ‍್ಯಾಂಪ್ 165 ಮಿ.ಮೀ. ಎತ್ತರ ಇದ್ದು, ಏರುವ ಭಾಗ ನೆಲದ ಅಳತೆಯಲ್ಲಿ 550 ಮಿ.ಮೀ. ಇದೆ ಅಂದುಕೊಳ್ಳಿ. ಎತ್ತರವನ್ನು ಉದ್ದದಿಂದ ಭಾಗಿಸಿದರೆ 0.3. ಹೆಚ್ಚುಕಮ್ಮಿ 17 ಡಿಗ್ರಿ ಇಳಿಜಾರು. ಬೊಲೆರೊ, ಓಮ್ನಿ, ಈಕೋ, ಇನ್ನೋವಾ ಕ್ರಿಸ್ಟಾ ಇವೆಲ್ಲ ಹಿಂದಿನ ಗಾಲಿಯಿಂದ ಓಡುವ ಗಾಡಿಗಳು. ಮುಂದಿನ ಗಾಲಿ ಸುಮ್ಮನೆ ಉರುಳುತ್ತಾ ರ‍್ಯಾಂಪಿಗೆ ಒರಗುತ್ತದೆ, ಹಿಂದಿನಿಂದ ಎಂಜಿನ್ ದೂಡುತ್ತದೆ. ಆಗ ರ‍್ಯಾಂಪಿನ ಮೇಲೆ ಬೀಳುವ ಭಾರದ ನೂರಕ್ಕೆ ಮೂವತ್ತರಷ್ಟು ಬಲ ಅದನ್ನು ಮುಂದಕ್ಕೆ ತಳ್ಳುತ್ತದೆ. ನೆಲದ ಹಿಡಿತ ಅದಕ್ಕಿಂತ ಕಡಿಮೆಯಾದರೆ ರ‍್ಯಾಂಪ್ ಕಾರಿನ ಮುಂದೆ ಮುಂದೆ ಹೋಗುತ್ತದೆ, ಕಾರು ಹತ್ತುವುದೇ ಇಲ್ಲ. ಧೂಳು ಕೂತ ನುಣುಪು ಟೈಲ್ಸ್ ಮೇಲೆ ಪ್ಲಾಸ್ಟಿಕ್ಕಿಗೆ ಅಷ್ಟು ಹಿಡಿತ ಸಿಗುವುದು ಕಷ್ಟ.

ಆಲ್ಟೊ, ಸ್ವಿಫ್ಟ್, ಐ20, ಕ್ರೆಟಾದಂಥ ಮುಂದಿನ ಗಾಲಿಯಿಂದ ಓಡುವ ಕಾರುಗಳಲ್ಲಿ ಕಥೆ ಬೇರೆ. ಇಲ್ಲಿ ಗಾಲಿ ತಾನೇ ರ‍್ಯಾಂಪನ್ನು ಹಿಡಿದು ಹತ್ತುತ್ತದೆ. ನಿಧಾನಕ್ಕೆ ಹತ್ತಿದರೆ ಮುಂದಕ್ಕೆ ತಳ್ಳುವ ಬಲವೂ ಹಿಂದಕ್ಕೆ ಎಳೆಯುವ ಬಲವೂ ಸರಿಸುಮಾರು ಸರಿಹೋಗಿ ರ‍್ಯಾಂಪ್ ಅಲುಗುವುದಿಲ್ಲ. ಆಕ್ಸಿಲರೇಟರ್ ಒಮ್ಮೆಲೆ ಒತ್ತಿದಿರೋ, ಟೈರು ಅದನ್ನು ಕಾರಿನ ಕೆಳಗೆ ಹಿಂದಕ್ಕೆ ಎಸೆಯುತ್ತದೆ. ಚೇಂಬರಿಗೋ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಬಂಪರಿಗೋ ಪೆಟ್ಟು. ಇದೇ ಕಾರುಗಳನ್ನು ರಿವರ್ಸ್‌ನಲ್ಲಿ ಹಿಂಗಾಲಿಯಿಂದ ಹತ್ತಿಸಿದರೆ ಬೊಲೆರೊದ ಸಮಸ್ಯೆಯೇ ಬರುತ್ತದೆ, ದಿಕ್ಕು ಮಾತ್ರ ತಿರುಗುಮುರುಗು.

ಆದ್ದರಿಂದ ಹಿಂದಿನ ಗಾಲಿಯ ಗಾಡಿ ಇರುವವರು ಇಳಿಜಾರು ಕಡಿಮೆ ಇರುವ, ಉದ್ದನೆಯ, ತೂಕದ ರ‍್ಯಾಂಪ್ ನೋಡಬೇಕು. 150 ಮಿ.ಮೀ. ಎತ್ತರಕ್ಕೆ 750 ಮಿ.ಮೀ. ಏರು ಇದ್ದರೆ ಆ ಮೂವತ್ತು ಇಪ್ಪತ್ತಕ್ಕೆ ಇಳಿಯುತ್ತದೆ. ಈ ವ್ಯತ್ಯಾಸ ಯಾವ ಬ್ರಾಂಡಿನ ಹೆಸರಿಗಿಂತಲೂ ದೊಡ್ಡದು.

ಈಗ ನೆಲ. ದಾವಣಗೆರೆಯ ಬಡಾವಣೆಗಳ ಹೊಸ ಮನೆಗಳಲ್ಲಿ ಪೋರ್ಟಿಕೋಗೆ ಪಾರ್ಕಿಂಗ್ ಟೈಲ್ಸ್, ಹಳೆಯವುಗಳಲ್ಲಿ ಸಿಮೆಂಟ್ ಗಾರೆ ಅಥವಾ ಕಡಪ ಕಲ್ಲು. ಚಿತ್ರದುರ್ಗದ ಕಡೆ ಕಲ್ಲು ಚಪ್ಪಡಿ ಹೆಚ್ಚು. ಒರಟು ಗಾರೆಗೆ ಯಾವ ರ‍್ಯಾಂಪಾದರೂ ನಡೆಯುತ್ತದೆ. ಉಬ್ಬು ಗೆರೆಯ ಪಾರ್ಕಿಂಗ್ ಟೈಲ್ಸ್ ಹಿಡಿತ ಕೊಡುತ್ತದೆ, ಆದರೆ ಅಡಿಯಲ್ಲಿ ಗಾರೆ ತುಂಬದ ಪೊಳ್ಳು ಜಾಗವಿದ್ದರೆ ಕಬ್ಬಿಣದ ರ‍್ಯಾಂಪಿನ ಕಾಲು ಅಲ್ಲೇ ಟೈಲ್ಸ್ ಒಡೆಯುತ್ತದೆ. ನಾಣ್ಯದಿಂದ ಕುಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಕಾಲು ಬರದ ಹಾಗೆ ಇಡಿ. ನುಣುಪು ಕಡಪ ಒದ್ದೆಯಾದರೆ ಯಾವ ರ‍್ಯಾಂಪೂ ಬೇಡ. ಬೆಳಗ್ಗೆ ಅಂಗಳ ತೊಳೆದ ನೀರು ಆರುವ ತನಕ ಕಾಯಿರಿ. ಇಂಟರ್‌ಲಾಕ್ ಇಟ್ಟಿಗೆಯ ನೆಲ ಅಲ್ಲಲ್ಲಿ ಕುಸಿದಿದ್ದರೆ ಎರಡು ರ‍್ಯಾಂಪ್ ಎರಡು ಮಟ್ಟದಲ್ಲಿ ಕೂರುತ್ತವೆ. ಇನ್ನು ಬರೀ ಮಣ್ಣಿನ ನೆಲ: ಗಟ್ಟಿ ಗರಸು ಹಾಸಿದ್ದರೆ ಅಡಿಗೆ ದಪ್ಪ ಹಲಗೆ ಹಾಕಿ ಕೆಲಸ ಮಾಡಬಹುದು. ಭದ್ರಾ ಅಚ್ಚುಕಟ್ಟಿನ ಕಡೆಯ ಎರೆ ಮಣ್ಣಾದರೆ ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು. ಎರಡೂ ಕಾಲಕ್ಕೆ ನಂಬುವ ನೆಲವಲ್ಲ.

ಇಳಿಜಾರನ್ನೂ ನೋಡಬೇಕು. ನೀರು ಹರಿದುಹೋಗಲೆಂದು ಪೋರ್ಟಿಕೋ ನೆಲವನ್ನು ಗೇಟಿನ ಕಡೆಗೆ ಇಳಿಸಿರುತ್ತಾರೆ. ಕಾರಿನ ಮೂತಿ ಮನೆಯ ಕಡೆ ಮಾಡಿ ಹತ್ತಿಸಿದರೆ ರ‍್ಯಾಂಪಿನ ಓರೆಗೆ ನೆಲದ ಓರೆಯೂ ಕೂಡಿ, ಕಾರಿಗೆ ಗೇಟಿನತ್ತ ಉರುಳುವ ಆಸೆ ಹೆಚ್ಚುತ್ತದೆ. ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಇದ್ದರೆ ಅಳೆಯಿರಿ: ಹತ್ತು ಅಡಿಗೆ ಎರಡು ಇಂಚಿನವರೆಗೆ ಇಳಿದಿದ್ದರೆ ಗಾಲಿಗೆ ಕಲ್ಲು ಕೊಟ್ಟು ನಿಭಾಯಿಸಬಹುದು. ಅದಕ್ಕೂ ಮೀರಿದರೆ, ಚಿತ್ರದುರ್ಗದ ಕೋಟೆಯ ಬುಡದ ಕೆಲವು ಬೀದಿಗಳಲ್ಲಿ ಇರುವ ಹಾಗೆ, ಅಲ್ಲಿ ರ‍್ಯಾಂಪ್ ಕೆಲಸ ಬೇಡ. ಚರಂಡಿ ಮೇಲಿನ ಇಳಿಜಾರು ಚಪ್ಪಡಿಯ ಮೇಲಂತೂ ಯಾವತ್ತೂ ಇಡಬೇಡಿ.

ಜಾರದಂತೆ ಮಾಡುವ ಸುಲಭ ಉಪಾಯ ಹಳೇ ಲಾರಿ ಟ್ಯೂಬ್ ಅಥವಾ ಕನ್ವೇಯರ್ ಬೆಲ್ಟಿನ ತುಂಡು. ಬರೀ ರ‍್ಯಾಂಪಿನ ಅಡಿಗೆ ಹಾಸಿದರೆ ಅರ್ಧ ಪ್ರಯೋಜನ. ಪಟ್ಟಿಯ ಒಂದು ತುದಿಯನ್ನು ರ‍್ಯಾಂಪಿನ ಮೂತಿಗೆ ಬೋಲ್ಟ್ ಹಾಕಿ ಕಟ್ಟಿ, ಇನ್ನೊಂದು ತುದಿಯನ್ನು ಎರಡು ಅಡಿ ಟೈರಿನ ಕಡೆಗೆ ಚಾಚಿ. ಟೈರು ಮೊದಲು ಪಟ್ಟಿಯ ಮೇಲೆ ಹತ್ತಿ ಕಾರಿನ ಭಾರದಿಂದಲೇ ಅದನ್ನು ಅದುಮಿ ಹಿಡಿಯುತ್ತದೆ, ರ‍್ಯಾಂಪ್ ಓಡುವ ಮೊದಲ ಕ್ಷಣ ಹೀಗೆ ದಾಟುತ್ತದೆ. ಬೊಲೆರೊದಂಥ ಗಾಡಿಗೆ ಇನ್ನೊಂದು ದಾರಿ: ರ‍್ಯಾಂಪಿನ ಹಿಂಬದಿಗೂ ಗೋಡೆಗೂ ನಡುವೆ ಮೂರು ಅಡಿಯ ಮರದ ತೊಲೆ ಆಪು ಕೊಡುವುದು. ಬಂಪರ್ ರ‍್ಯಾಂಪಿಗಿಂತ ಮುಂದೆ ಚಾಚುವುದರಿಂದ ಆ ಮೂರು ಅಡಿ ಬೇಕೇಬೇಕು. ಗೋಡೆ ನಾಲ್ಕೂವರೆ ಇಂಚಿನ ಕಾಂಪೌಂಡ್ ಆದರೆ ಈ ದಾರಿ ಬಿಡಿ.

ಯಾವುದರಿಂದ ಮಾಡಿದ್ದು

ಪ್ಲಾಸ್ಟಿಕ್ ರ‍್ಯಾಂಪ್ ಹಗುರ, ಒಂದರೊಳಗೊಂದು ಕೂರುತ್ತದೆ, ತುಕ್ಕಿಲ್ಲ, ಟೈಲ್ಸ್ ಒಡೆಯುವುದಿಲ್ಲ. ಅಡಿಯಲ್ಲಿ ಜೇನುಗೂಡಿನಂಥ ಪಟ್ಟಿಗಳಿರುತ್ತವೆ. ಭಾರ ಹೊರುವುದು ಅವೇ. ಆ ಪಟ್ಟಿಗಳು ಪೂರ್ತಿ ನೆಲಕ್ಕೆ ತಾಗಿದ್ದರೆ ಮಾತ್ರ ಬರೆದ ಟನ್ ಲೆಕ್ಕ ನಿಜ. ಅಡಿಗೆ ಒಂದು ಜಲ್ಲಿಕಲ್ಲು ಸಿಕ್ಕರೆ ಭಾರವೆಲ್ಲ ಒಂದೆರಡು ಪಟ್ಟಿಯ ಮೇಲೆ ಬಿದ್ದು ಸೀಳುತ್ತದೆ. ಇಡುವ ಮುಂಚೆ ಪೊರಕೆಯಲ್ಲಿ ಗುಡಿಸುವುದು ಇಲ್ಲಿ ಕಡ್ಡಾಯ. ಎರಡನೇ ಶತ್ರು ಬಿಸಿಲು. ಚಳ್ಳಕೆರೆ, ಹಿರಿಯೂರು ಕಡೆಯ ಬೇಸಿಗೆಯಲ್ಲಿ ತಾರಸಿ ಮೇಲೆ ಬಿಟ್ಟ ಪ್ಲಾಸ್ಟಿಕ್ ಬಣ್ಣಗೆಟ್ಟು ಪುಡಿ ಬಿಡತೊಡಗುತ್ತದೆ. ಉಗುರಲ್ಲಿ ಕೆರೆದರೆ ಬಿಳಿ ಪುಡಿ ಬಂತೋ, ಪಟ್ಟಿಗಳು ಕೂಡುವ ಮೂಲೆಯಲ್ಲಿ ಬಿಳಿ ಗೆರೆ ಕಂಡಿತೋ, ಅದರ ಆಯಸ್ಸು ಮುಗಿಯಿತು. ಸಣ್ಣ ಕಾರು, ಚೊಕ್ಕ ಗಾರೆ ನೆಲ, ವರ್ಷಕ್ಕೆ ಎರಡು ಮೂರು ಸಲದ ಬಳಕೆ ಇದ್ದರೆ ಇದೇ ಸಾಕು.

ಕಬ್ಬಿಣದ ರೆಡಿಮೇಡ್ ರ‍್ಯಾಂಪಿನಲ್ಲಿ ಹೆಚ್ಚಿನವು ತೆಳು ತಗಡನ್ನು ಒತ್ತಿ ಮಾಡಿದವು, ಕಾಲು ಕೊಳವೆಯವು. ಭಾರಕ್ಕೆ ಬಾಗುತ್ತವೆ, ಆದರೆ ಕಣ್ಣಿಗೆ ಕಾಣುವಂತೆ ಬಾಗುತ್ತವೆ. ಎಚ್ಚರಿಕೆ ಕೊಟ್ಟು ಹಾಳಾಗುವುದೇ ಕಬ್ಬಿಣದ ದೊಡ್ಡ ಗುಣ. ಕಾಲು ತೆಳುವಾಗಿ ನೆಲಕ್ಕೆ ಗೆರೆಯಷ್ಟೇ ತಾಗುತ್ತಿದ್ದರೆ ಟೈಲ್ಸ್ ಮನೆಗೆ ಬೇಡ.

ನಮ್ಮ ಊರುಗಳಲ್ಲಿ ನಿಜವಾಗಿ ಲಾಭದ ಆಯ್ಕೆ ವೆಲ್ಡಿಂಗ್ ಅಂಗಡಿಯದು. ಕಬ್ಬಿಣಕ್ಕೆ ಕೆ.ಜಿ. ಲೆಕ್ಕ, ಮೇಲೆ ಕೂಲಿ. ನಿಮ್ಮ ಕಾರಿನ ಅಳತೆಗೇ ಮಾಡಿಸಬಹುದು. ಟ್ರೈಲರ್, ಲಾರಿ ಬಾಡಿ ಕೆಲಸ ಮಾಡುವವರ ಹತ್ತಿರ ಹೋಗಿ, ಗೇಟು ಗ್ರಿಲ್ ಮಾಡುವವರ ಹತ್ತಿರ ಬೇಡ. 40×40×5 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಆಂಗಲ್‌ನ ಚೌಕಟ್ಟು, ಮೇಲೆ 5 ಮಿ.ಮೀ. ಚೆಕರ್ ಪ್ಲೇಟ್ (ಉಬ್ಬು ಗೆರೆಯ ತಗಡು). ಏರು 750, ಮೇಲಿನ ಸಮತಟ್ಟು 350, ಎತ್ತರ 150 ಮಿ.ಮೀ. ಆಂಗಲ್ ಮೀಟರಿಗೆ 3 ಕೆ.ಜಿ. ತೂಗುತ್ತದೆ; ಪ್ಲೇಟೂ ಸೇರಿ ಒಂದೊಂದು ರ‍್ಯಾಂಪ್ ಮೂವತ್ತು ಕೆ.ಜಿ. ಆಸುಪಾಸು. ಎತ್ತಿಡಲು ಭಾರವೇ, ಆದರೆ ಜಾರದಿರಲು ಆ ಭಾರವೇ ಆಸರೆ. ಹೇಳಿ ಮಾಡಿಸಬೇಕಾದ ಮಾತುಗಳು: ಸಮತಟ್ಟಿನ ಅಡಿಯಲ್ಲಿ ನಾಲ್ಕು ಕಾಲು, ಕಾಲುಗಳ ನಡುವೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ, ಪ್ರತಿ ಕಾಲಿನ ಕೆಳಗೆ 75×75×6 ಮಿ.ಮೀ. ಪಾದದ ತಗಡು, ಅದಕ್ಕೆ ರಬ್ಬರ್. ಕೊನೆಯಲ್ಲಿ 50 ಮಿ.ಮೀ. ಎತ್ತರದ ತಡೆ, ಎರಡೂ ಬದಿಗೆ 25 ಮಿ.ಮೀ. ಅಂಚು.

ಕೆಡುವುದು ಸಾಮಾನ್ಯವಾಗಿ ಬೆಸುಗೆಯಲ್ಲಿ. ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಮಾತ್ರ ಹಾಕಿ ಮೇಲೆ ಬಣ್ಣ ಬಳಿದುಬಿಟ್ಟರೆ ಹೊರಗಿನಿಂದ ತಿಳಿಯುವುದಿಲ್ಲ. ಬಣ್ಣಕ್ಕೆ ಮುಂಚೆಯೇ ಹೋಗಿ ನೋಡಿ: ಕಾಲಿನ ಸುತ್ತ ಬೆಸುಗೆ ಪೂರ್ತಿ ಓಡಿರಬೇಕು, ಮಣಿಮಣಿಯಾಗಿ ಮೇಲೆ ಕೂತಿರಬಾರದು, ತುಕ್ಕಿನ ಮೇಲೆಯೇ ಎಳೆದಿರಬಾರದು. ಗುಜರಿ ಆಂಗಲ್ ಹಾಕಿ ಕಡಿಮೆ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ರೆಡ್ ಆಕ್ಸೈಡ್ ಮೇಲೆ ಬಣ್ಣ ಹೊಡೆಯುವಾಗ ಪ್ಲೇಟಿಗೆ ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಮರಳು ಉದುರಿಸಿದರೆ ಟೈರಿಗೆ ಹಿಡಿತ. ಮನೆಗೆ ತಂದ ಮೇಲೆ ಕಾರು ಹತ್ತಿಸಿ ಒಂದು ಗಂಟೆ ಹಾಗೇ ಬಿಡಿ, ಯಾರೂ ಅಡಿಗೆ ಹೋಗುವುದು ಬೇಡ. ಇಳಿಸಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಮೊದಲಿನ ಅಳತೆಗೆ ತಾಳೆ ನೋಡಿ. ಬದಲಾಗಿದ್ದರೆ ಅಂಗಡಿಗೆ ವಾಪಸ್.

ಮರದ್ದು ಮಾಡಿಕೊಳ್ಳಲು ಸುಲಭ, ನೆಲಕ್ಕೆ ಮೃದು. 30 ಮಿ.ಮೀ. ದಪ್ಪ, 250 ಅಗಲದ ಐದು ಹಲಗೆ. ಉದ್ದ 1200, 1040, 880, 720, 560. ಹಿಂಬದಿ ಎಲ್ಲವನ್ನೂ ಸಮ ಮಾಡಿ ಒಂದರ ಮೇಲೊಂದು ಮರದ ಅಂಟು ಮತ್ತು ಸ್ಕ್ರೂ ಹಾಕಿ ಜೋಡಿಸಿದರೆ 150 ಮಿ.ಮೀ. ಎತ್ತರ. ಇಲ್ಲಿ ತಪ್ಪುವುದು ಒಂದೇ ಕಡೆ. ಹಲಗೆಯ ಮುಂದಿನ ಅಂಚನ್ನು ನೇರ ಬಿಟ್ಟರೆ ಅದು ಮೆಟ್ಟಿಲು. ಟೈರು ಹತ್ತುವ ಬದಲು ಮೆಟ್ಟಿಲಿಗೆ ಒತ್ತಿ ಇಡೀ ರ‍್ಯಾಂಪನ್ನೇ ದೂಡುತ್ತದೆ, ಒಟ್ಟು ಇಳಿಜಾರು ಎಷ್ಟೇ ಕಡಿಮೆ ಇರಲಿ. ಪ್ರತಿ ಅಂಚನ್ನೂ ಉಜ್ಜುಗೊರಡಿನಿಂದ ಓರೆಯಾಗಿ ಹೆರೆಯಿರಿ, ಓರೆ ಉದ್ದವಾದಷ್ಟೂ ಒಳ್ಳೆಯದು. ಬೇವು, ಮತ್ತಿ, ಹಳೇ ಮನೆಯ ತೊಲೆ ಸೀಳಿಸಿದ ತೇಗ ಆಗಬಹುದು. ಪ್ಯಾಕಿಂಗ್ ಪೆಟ್ಟಿಗೆಯ ಮರ ಬೇಡ. ಗೆದ್ದಲಿಗೆ ಮದ್ದೆಂದು ಹಳೇ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ಬೇಲಿ ಗೂಟಕ್ಕೆ ಬಳಿದಂತೆ ರ‍್ಯಾಂಪಿಗೂ ಬಳಿದರೆ ಟೈರು ಜಾರುತ್ತದೆ. ಮಣ್ಣಿಗೆ ತಾಗದಂತೆ ಗೋಡೆಗೆ ಒರಗಿಸಿಟ್ಟರೆ ಸಾಕು.

ಸಿಮೆಂಟ್ ಬ್ಲಾಕ್, ಇಟ್ಟಿಗೆ, ಸೈಜುಗಲ್ಲು ಜೋಡಿಸಿ ಹತ್ತಿಸುವುದು ಆಯ್ಕೆಯೇ ಅಲ್ಲ. ಬ್ಲಾಕ್ ಬಾಗಿ ಎಚ್ಚರಿಸುವುದಿಲ್ಲ, ಒಂದೇ ಸಲಕ್ಕೆ ಪುಡಿಯಾಗುತ್ತದೆ. ಕಲ್ಲು ಪುಡಿಯಾಗದಿದ್ದರೂ ಹೊರಳುತ್ತದೆ.

ಟನ್ ಲೆಕ್ಕ

ಪೆಟ್ಟಿಗೆಯ ಮೇಲೆ 2 ಟನ್ ಎಂದಿದ್ದರೆ ಅದು ಜೋಡಿಗೋ ಒಂದಕ್ಕೋ, ಇಡೀ ಗಾಡಿಯ ತೂಕವೋ ಒಂದು ಆಕ್ಸಲ್‌ನದೋ ಎಂದು ಕೇಳಿ. ಸ್ಪಷ್ಟ ಉತ್ತರವಿಲ್ಲದಿದ್ದರೆ ಜೋಡಿಗೆ ಎಂದೇ ಹಿಡಿಯಿರಿ. ನಿಮ್ಮ ಗಾಡಿಯ ಖಾಲಿ ತೂಕ ಆರ್.ಸಿ.ಯಲ್ಲೇ ಇರುತ್ತದೆ. ಮುಂದಿನ ಗಾಲಿಯಿಂದ ಓಡುವ ಕಾರಿನಲ್ಲಿ ಅದರ ನೂರಕ್ಕೆ ಅರವತ್ತು ಮುಂದಿರುತ್ತದೆ. ಸ್ವಿಫ್ಟ್ ಸುಮಾರು 900 ಕೆ.ಜಿ.; ಮುಂದೆ 540, ಒಂದು ರ‍್ಯಾಂಪಿಗೆ 270. ಇನ್ನೋವಾ ಕ್ರಿಸ್ಟಾ ಸುಮಾರು 1,800. ಒಂದು ರ‍್ಯಾಂಪಿಗೆ 500ರ ಹತ್ತಿರ. ಒಂದೊಂದು ರ‍್ಯಾಂಪಿಗೂ ಇದರ ಎರಡರಷ್ಟು ತಾಳಿಕೆ ಇರಲಿ. ಅಂದರೆ ಇನ್ನೋವಾಗೆ ಜೋಡಿಗೆ 2 ಟನ್ ಕನಿಷ್ಠ, ಆಲ್ಟೊಗೆ 1 ಟನ್ ಸಾಕು.

ಅಗಲ ಮರೆಯುವವರೇ ಹೆಚ್ಚು. ಟೈರಿನ ಬದಿಯ ಮೇಲೆ 165/80 ಆರ್14 ಎಂದಿದ್ದರೆ ಮೊದಲ ಸಂಖ್ಯೆಯೇ ಮಿ.ಮೀ. ಅಗಲ. ರ‍್ಯಾಂಪಿನ ಒಳಅಗಲ ಅದಕ್ಕಿಂತ 40 ಮಿ.ಮೀ. ಆದರೂ ಹೆಚ್ಚಿರಬೇಕು. 215ರ ಟೈರಿನ ಎಸ್‌ಯುವಿಗೆ ಅಗ್ಗದ ಕಿರಿದಾದ ರ‍್ಯಾಂಪ್ ತಂದರೆ ಟೈರು ಅಂಚನ್ನು ಮೆಟ್ಟಿಯೇ ಹತ್ತುತ್ತದೆ.

ಬಂಪರ್ ತಾಗುತ್ತದೆಯೇ, ಜಾಗ ಸಾಲುತ್ತದೆಯೇ

ಮುಂದಿನ ಟೈರು ನೆಲಕ್ಕೆ ತಾಗುವ ಜಾಗದಿಂದ ಬಂಪರಿನ ಅಡಿಗೆ ಒಂದು ಪಟ್ಟಿ ಓರೆಯಾಗಿ ಹಿಡಿಯಿರಿ. ಬಂಪರಿನ ಅಡಿಯ ಎತ್ತರವನ್ನು ಅಲ್ಲಿಯವರೆಗಿನ ನೆಲದ ಉದ್ದದಿಂದ ಭಾಗಿಸಿ. ಅದು 0.35 ಬಂದು ನಿಮ್ಮ ರ‍್ಯಾಂಪ್ 0.3 ಆಗಿದ್ದರೆ ಕೂದಲೆಳೆಯಲ್ಲಿ ಪಾರು. ಹತ್ತಿರ ಹತ್ತಿರ ಬಂದರೆ ಉದ್ದನೆಯ ರ‍್ಯಾಂಪೇ ಬೇಕು. ಅಷ್ಟಿಷ್ಟಕ್ಕೆ ತಾಗುವುದಾದರೆ ರ‍್ಯಾಂಪಿನ ಮೂತಿಯ ಮುಂದೆ ಒಂದು 30 ಮಿ.ಮೀ. ಹಲಗೆ ಇಟ್ಟು ಟೈರನ್ನು ಮೊದಲು ಅದರ ಮೇಲೆ ತನ್ನಿ.

ಬೇಕಾಗುವ ಜಾಗದ ಲೆಕ್ಕಕ್ಕೆ, ಕಾರಿನ ಉದ್ದಕ್ಕೆ ಮೂರು ಅಡಿ ಸೇರಿಸಿ. ಸ್ವಿಫ್ಟ್‌ಗೆ ಸುಮಾರು 16 ಅಡಿ, ಇನ್ನೋವಾಗೆ ಹದಿನೆಂಟೂವರೆ. 30×40 ಸೈಟಿನ ಪೋರ್ಟಿಕೋದಲ್ಲಿ ಇನ್ನೋವಾ ಹತ್ತಿಸಲು ಗೇಟು ತೆರೆದಿಟ್ಟು ಬಾಲ ಬೀದಿಗೆ ಬಿಡಬೇಕಾದೀತು. ಹಾಗಿದ್ದರೆ ಜಾಕ್ ಮತ್ತು ಸ್ಟ್ಯಾಂಡೇ ಸರಿ.

ಜಾಕ್ ಮತ್ತು ಸ್ಟ್ಯಾಂಡ್, ಗುಂಡಿ

ಟ್ರಾಲಿ ಜಾಕ್ ಎತ್ತುವಾಗ ಅದರ ತಲೆ ನೇರ ಮೇಲೇಳುವುದಿಲ್ಲ, ಕಮಾನಿನ ದಾರಿಯಲ್ಲಿ ಸರಿಯುತ್ತದೆ. ನುಣುಪು ನೆಲದಲ್ಲಿ ಜಾಕಿನ ಗಾಲಿ ಉರುಳಿ ಹೊಂದಿಕೊಳ್ಳುತ್ತದೆ. ಗರಸಿನಲ್ಲೋ ಟೈಲ್ಸ್ ಸಂದಿಯಲ್ಲೋ ಸಿಕ್ಕಿಕೊಂಡರೆ ಕಾರನ್ನೇ ಪಕ್ಕಕ್ಕೆ ಎಳೆಯುತ್ತದೆ. ಅಂದರೆ ರ‍್ಯಾಂಪಿಗೆ ಕೆಟ್ಟದಾದ ನುಣುಪು ನೆಲವೇ ಟ್ರಾಲಿ ಜಾಕಿಗೆ ಒಳ್ಳೆಯದು. ಸ್ಟ್ಯಾಂಡಿನ ಕಾಲಿಗೆ 12 ಮಿ.ಮೀ. ಪ್ಲೈವುಡ್ ಹಾಸಿ. ಕಾರಿನ ಜೊತೆ ಬಂದ ಸಿಸರ್ ಜಾಕ್ ದಾರಿಯಲ್ಲಿ ಪಂಕ್ಚರ್ ಆದಾಗ ಗಾಲಿ ಬದಲಿಸಲು ಮಾತ್ರ. ಯಾವ ಜಾಕಿನ ಮೇಲೂ ನಂಬಿಕೆಯಿಟ್ಟು ಅಡಿಗೆ ಹೋಗಬಾರದು. ಗಾಲಿ ಬಿಚ್ಚುವ ಕೆಲಸವೂ ಆಯಿಲ್ ಕೆಲಸವೂ ಇದ್ದು ಒಂದಕ್ಕೇ ದುಡ್ಡು ಇದ್ದರೆ ಜಾಕ್ ಮತ್ತು ಎರಡು ಸ್ಟ್ಯಾಂಡ್ ಕೊಳ್ಳಿ.

ಮನೆ ಕಟ್ಟುವಾಗಲೇ ಕಾರಿನ ಅಡಿಗೆ ಇಳಿದು ಕೆಲಸ ಮಾಡಲು ಗುಂಡಿ ತೋಡಿಸಿಬಿಡೋಣ ಅನ್ನುವವರಿದ್ದಾರೆ. ಎರೆ ಮಣ್ಣು ಉಬ್ಬಿ ಕುಗ್ಗಿ ಗುಂಡಿಯ ಗೋಡೆ ಸೀಳುತ್ತದೆ, ಮಳೆಗಾಲದಲ್ಲಿ ನೀರು ಒಸರುತ್ತದೆ. ಪೆಟ್ರೋಲ್ ಆವಿ ಮತ್ತು ಎಲ್.ಪಿ.ಜಿ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತವೆ. ಒಂದು ಕಿಡಿ ಸಾಕು. ಬೇಡ.

ಹತ್ತಿಸಿ ಇಳಿಸುವುದು

ಸ್ಟೀರಿಂಗ್ ನೇರ ಮಾಡಿ ಕಾರನ್ನು ಒಂದೆರಡು ಅಡಿ ಹಿಂದೆ ಮುಂದೆ ಓಡಿಸಿದ ಮೇಲೆಯೇ ರ‍್ಯಾಂಪ್ ಇಡಿ, ಎರಡೂ ಮೂತಿ (ರಬ್ಬರ್ ಪಟ್ಟಿ ಕಟ್ಟಿದ್ದರೆ ಪಟ್ಟಿಯ ತುದಿ) ಟೈರಿಗೆ ತಾಗಿರಲಿ. ಒಬ್ಬರು ಪಕ್ಕದಲ್ಲಿ ನಿಂತು ನೋಡಬೇಕು, ಮುಂದೆ ಅಲ್ಲ. ಫಸ್ಟ್ ಗೇರ್, ಹಾಫ್ ಕ್ಲಚ್, ಒಂದೇ ಸಮನೆ. ಮೇಲೆ ಬಂದಾಗ ಕಾರಿನ ಮೂತಿ ಸಮ ಆದದ್ದು ತಿಳಿಯುತ್ತದೆ. ತಡೆಗೆ ಟೈರು ತಾಗುವ ಮುಂಚೆ ಬ್ರೇಕ್. ಆ ತಡೆಯನ್ನು ಹಾರಿಸಿ ಆಚೆ ಬೀಳಿಸುವುದಕ್ಕೆ ಸ್ವಲ್ಪ ಹೆಚ್ಚು ಆಕ್ಸಿಲರೇಟರ್ ಸಾಕು. ಎ.ಎಂ.ಟಿ. (ತಾನೇ ಗೇರ್ ಬದಲಿಸುವ) ಕಾರಿನಲ್ಲಿ ಕ್ಲಚ್ ನಿಮ್ಮ ಕೈಯಲ್ಲಿಲ್ಲ. ತಾನೇ ತೆವಳುವ ಬಲ ಏರಿಗೆ ಸಾಲದೆ ಆಕ್ಸಿಲರೇಟರ್ ಒತ್ತಿದರೆ ಒಮ್ಮೆಲೆ ಜಿಗಿಯುತ್ತದೆ. ಇಂಥ ಕಾರಿಗೆ ಕಡಿಮೆ ಇಳಿಜಾರಿನ ರ‍್ಯಾಂಪೇ ಬೇಕು. ಮಾರುತಿಯ ಎ.ಎಂ.ಟಿ.ಯಲ್ಲಿ ಪಾರ್ಕ್ ಸ್ಥಾನವೇ ಇಲ್ಲ, ಆದ್ದರಿಂದ ಗೇರಿನಲ್ಲೇ ಇಟ್ಟು ಎಂಜಿನ್ ನಿಲ್ಲಿಸಿ.

ಹ್ಯಾಂಡ್ ಬ್ರೇಕ್ ಹಾಕಿ, ನೆಲದ ಮೇಲಿನ ಎರಡೂ ಗಾಲಿಗೆ ಹಿಂದಿನಿಂದ ಕಲ್ಲು ಕೊಡಿ. ಬಾಗಿಲ ಬಳಿ ನಿಂತು ಕಾರನ್ನು ಜೋರಾಗಿ ಅಲ್ಲಾಡಿಸಿ. ಅಲುಗುವುದಾದರೆ ನೀವು ಹೊರಗಿರುವಾಗಲೇ ಅಲುಗಲಿ. ಆಮೇಲೂ ಚಾಸಿಸ್ ಅಡಿಗೆ ಒಂದು ಸ್ಟ್ಯಾಂಡ್ ಇಟ್ಟಿರುವುದು ಒಳ್ಳೆಯದು. ಹಿಂಗಾಲಿ ಹತ್ತಿಸಿದಾಗ ಮರೆಯಬಾರದ್ದು: ಹ್ಯಾಂಡ್ ಬ್ರೇಕ್ ಹಿಡಿಯುವುದು ರ‍್ಯಾಂಪಿನ ಮೇಲಿರುವ ಗಾಲಿಯನ್ನು. ನೆಲದ ಮೇಲಿನ ಮುಂಗಾಲಿಗೆ ಕಲ್ಲೇ ದಿಕ್ಕು (ಮುಂದಿನ ಗಾಲಿಯಿಂದ ಓಡುವ ಕಾರಾದರೆ ಗೇರ್ ಕೂಡ), ಕಲ್ಲು ಮುಂದಿನಿಂದ. ರ‍್ಯಾಂಪಿನ ಮೇಲೆ ನಿಂತಾಗ ಸ್ಟೀರಿಂಗ್ ತಿರುಗಿಸಬೇಡಿ. ಡ್ರೈವ್ ಶಾಫ್ಟ್ ರಬ್ಬರ್ ಬೂಟ್ ನೋಡಬೇಕಿದ್ದರೆ ಟಾರ್ಚ್ ಬಿಟ್ಟು ನೋಡಿ.

ಆಯಿಲ್ ಕೆಲಸದಲ್ಲಿ ಕೊಂಚ ಓರೆ ಲೆಕ್ಕಕ್ಕೆ ಬರುತ್ತದೆ. 165 ಮಿ.ಮೀ. ಎತ್ತಿದ ಸ್ವಿಫ್ಟ್ ನಾಲ್ಕು ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ. ಚೇಂಬರಿನ ಡ್ರೈನ್ ಬೋಲ್ಟ್ ಹಿಂಬದಿಗಿದ್ದರೆ ಆಯಿಲ್ ಪೂರ್ತಿ ಇಳಿಯುತ್ತದೆ, ಮುಂಬದಿಗಿದ್ದರೆ ತಳದಲ್ಲಿ ಉಳಿಯುತ್ತದೆ. ಗೇರ್‌ಬಾಕ್ಸ್ ಆಯಿಲ್ ತುಂಬುವ ರಂಧ್ರದ ಮಟ್ಟವನ್ನೇ ಅಳತೆ ಮಾಡುವುದರಿಂದ ಅದನ್ನು ಮುಂಭಾಗ ಮಾತ್ರ ಎತ್ತಿ ತುಂಬಬಾರದು. ನಾಲ್ಕೂ ಗಾಲಿ ಸಮ ಇರಬೇಕು. ಎಂಜಿನ್ ಆಯಿಲ್‌ಗೂ ಅಷ್ಟೇ: ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ, ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಕಾಲು ಲೀಟರ್ ಕಡಿಮೆ ತುಂಬಿ. ಸ್ಟ್ಯಾಂಡ್, ಆಯಿಲ್ ತಟ್ಟೆ, ಪಾನಾ ಎಲ್ಲ ಹೊರಗೆ ತೆಗೆದು, ಡ್ರೈವರ್ ಬ್ರೇಕ್ ಒತ್ತಿ ಕೂತ ಮೇಲೆ ಕಡೆಯದಾಗಿ ಕಲ್ಲು ತೆಗೆದು, ರಿವರ್ಸ್‌ನಲ್ಲಿ ಬ್ರೇಕ್ ಹಿಡಿದೇ ಇಳಿಸಿ. ಸಮ ನೆಲದಲ್ಲಿ ಒಂದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಉಳಿದದ್ದು ತುಂಬಿ.